ನಿರುದ್ಯೋಗವೂ ಮರಳಿ ಕೆಲಸ ಹೊಂದುವ ಬಗೆಯೂ

ಮತ್ತಾಯನ ಸುವಾರ್ತೆಯ ೨೦ನೆಯ ಅಧ್ಯಾಯದಲ್ಲಿ ಒಂದು ಸಾಮ್ಯವುಂಟು. ದ್ರಾಕ್ಷೇತೋಟದ ಯಜಮಾನನೊಬ್ಬನು ಬೆಳಗಿನಿಂದ ಸಂಜೆಯವರೆಗೆ ಐದು ಸಾರಿ ಹೊರಟು ಕೂಲಿಯಾಳುಗಳನ್ನು ಕರೆದು ತೋಟಕ್ಕೆ ಕಳುಹಿಸುತ್ತಾನೆ. ಕಡೆಯ ಸಾರಿ ಹೋಗುವಾಗ ಹೊತ್ತು ಮುಳುಗುವುದಕ್ಕೆ ಒಂದೇ ಗಂಟೆ ಉಳಿದಿರುತ್ತದೆ. ಆಗಲೂ ಕೆಲವರು ಅಲ್ಲಿ ನಿಂತಿರುತ್ತಾರೆ. ಸುಮ್ಮನೆ ಏಕೆ ನಿಂತಿದ್ದೀರಿ ಎಂದು ಕೇಳಿದರೆ, ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವೆಂದು ಹೇಳುತ್ತಾರೆ. ಅವರಿಗೂ ಇಡೀ ದಿನದ ಕೂಲಿ ದೊರೆಯುತ್ತದೆ.

ಈ ಸಾಮ್ಯವು ದೇವರ ಕೃಪೆಯನ್ನು ಕುರಿತದ್ದೆಂದು ಎಲ್ಲರೂ ಬಲ್ಲೆವು. ಆದರೆ ಅದರೊಳಗೆ ಲೋಕವ್ಯವಹಾರದ ಒಂದು ಸಂಗತಿಯೂ ಅಡಗಿದೆ. ಆ ಕೂಲಿಯವರು ಮಧ್ಯಾಹ್ನಕ್ಕೇ ಬೇಸತ್ತು, ನಾಚಿಕೊಂಡು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರೆ ಯಜಮಾನನು ಅವರನ್ನು ಕಾಣುತ್ತಿರಲಿಲ್ಲ. ಅವರು ಜನರ ಕಣ್ಣಿಗೆ ಬೀಳುವಲ್ಲಿ ನಿಂತಿದ್ದರು, ಆದುದರಿಂದಲೇ ಕರೆಯಲ್ಪಟ್ಟರು. ಕೆಲಸ ಹೋದವರು ಜನರಿಂದ ಮರೆಯಾಗಬಾರದು, ಅವರು ಮರೆಯಾಗದಂತೆ ನೋಡಿಕೊಳ್ಳುವುದು ಮನೆಯವರ ಮತ್ತು ಸ್ನೇಹಿತರ ಕರ್ತವ್ಯ ಎಂಬ ಈ ಒಂದು ಮಾತನ್ನೇ ಪ್ರಸ್ತುತ ಲೇಖನದಲ್ಲಿ ವಿಚಾರ ಮಾಡೋಣ.

೧. ನಮ್ಮ ಸೀಮೆಯ ಅನುಭವ

ನಿರುದ್ಯೋಗವೆಂಬುದು ಸೋಮಾರಿಗಳಿಗೆ ಬರುವ ಶಿಕ್ಷೆಯೆಂದು ಭಾವಿಸುವವರು ಈಗಲೂ ಇದ್ದಾರೆ. ಅದು ಎಷ್ಟು ಸುಳ್ಳೆಂಬುದಕ್ಕೆ ಭದ್ರಾವತಿಯೇ ಸಾಕ್ಷಿ. ಬೆಂಕಿಪುರವೆಂಬ ಹೆಸರಿನ ಹಳ್ಳಿ ಪಟ್ಟಣವಾಗಿ ಬೆಳೆದದ್ದು ಎರಡು ಕಾರ್ಖಾನೆಗಳಿಂದ. ಮೊದಲನೆಯದು ಸರ್ ಎಂ. ವಿಶ್ವೇಶ್ವರಯ್ಯನವರ ಯತ್ನದಿಂದ ಹುಟ್ಟಿ ೧೯೨೩ರಲ್ಲಿ ಕೆಲಸಕ್ಕೆ ತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಲಿನಿಂದ ಕರಗಿಸಿ ಅಲ್ಲಿ ಕಬ್ಬಿಣ ತೆಗೆಯುತ್ತಿದ್ದರು. ಎರಡನೆಯದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೬ರಲ್ಲಿ, ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆ. ನ್ಯೂಟೌನ್, ಪೇಪರ್‌ಟೌನ್ ಎಂಬ ಹೆಸರುಗಳೇ ಊರಿನ ಬಡಾವಣೆಗಳು ಯಾವುದರ ಸುತ್ತ ಕಟ್ಟಿದವೆಂಬುದನ್ನು ಹೇಳುತ್ತವೆ. ತಂದೆಯ ಬಳಿಕ ಮಗನೂ ಅದೇ ಕಾರ್ಖಾನೆಯ ಬಾಗಿಲನ್ನು ಹೊಕ್ಕ ಮನೆಗಳು ಅಲ್ಲಿ ಎಷ್ಟೋ ಉಂಟು.

ಕಾಗದದ ಕಾರ್ಖಾನೆ ೨೦೧೫ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆ ೧೯೮೯ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತಕ್ಕೆ ಸೇರಿ, ೧೯೯೮ರಲ್ಲಿ ಅದರೊಳಗೇ ವಿಲೀನವಾಯಿತು. ೨೦೨೩ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಟಿತು. ಸಾವಿರಕ್ಕೂ ಮೇಲ್ಪಟ್ಟ ಗುತ್ತಿಗೆ ಕಾರ್ಮಿಕರ ಅನ್ನದ ಪ್ರಶ್ನೆ ಎದ್ದಿತು. ಕಾರ್ಖಾನೆಯ ಮುಂದೆ ಧರಣಿ ಬಹುದಿನ ನಡೆಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಉತ್ಪಾದನೆ ಅಂಶತಃ ಪುನಃ ಆರಂಭವಾಯಿತು.

ಈ ಜನರು ಕೆಲಸಗಳ್ಳರಾಗಿರಲಿಲ್ಲ. ಮೂರು ಪಾಳಿಯಲ್ಲಿ ದುಡಿದವರು, ಕುಲುಮೆಯ ಝಳದೆದುರು ನಿಂತವರು. ಯಂತ್ರವು ಹಳೆಯದಾಯಿತು, ಬಂಡವಾಳ ಬರಲಿಲ್ಲ, ಅಗ್ಗದ ಸರಕು ಬೇರೆ ಕಡೆಯಿಂದ ಬಂದಿತು. ಇವುಗಳಲ್ಲಿ ಒಂದಾದರೂ ಕಾರ್ಮಿಕನ ಕೈಯಲ್ಲಿರಲಿಲ್ಲ. ಹೀಗಿದ್ದೂ ಕೆಲಸ ಹೋದ ಮನುಷ್ಯನು ತಾನೇ ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ನಡೆಯುತ್ತಾನೆ. ಭದ್ರಾವತಿಯಲ್ಲಿ ಎಲ್ಲರಿಗೂ ಒಂದೇ ಗತಿಯಾದ್ದರಿಂದ ಒಬ್ಬರ ಕಷ್ಟ ಒಬ್ಬರಿಗೆ ತಿಳಿಯಿತು. ಶಿವಮೊಗ್ಗೆಯ ಗೋಪಾಳದಂಥ ಬಡಾವಣೆಯ ಸ್ಥಿತಿ ಬೇರೆ. ಇಲ್ಲಿ ಒಂದು ಮನೆಯವರು ಕಚೇರಿಯಲ್ಲಿ, ಪಕ್ಕದವರು ಅಂಗಡಿಯಲ್ಲಿ, ಎದುರು ಮನೆಯ ಹುಡುಗ ಬೆಂಗಳೂರಿನ ಕಂಪನಿಯಲ್ಲಿ ಇರುತ್ತಾರೆ. ಒಬ್ಬರ ಕೆಲಸ ಹೋದರೆ ಬೀದಿಗೆ ಗೊತ್ತಾಗುವುದಿಲ್ಲ. ಗೊತ್ತಾಗಬಾರದೆಂದು ಮನೆಯವರೂ ಎಚ್ಚರಿಕೆ ವಹಿಸುತ್ತಾರೆ. ಅಲ್ಲಿಂದಲೇ ನಿಜವಾದ ಕಷ್ಟ ಮೊದಲಾಗುತ್ತದೆ.

೨. ಸಂಬಳದೊಡನೆ ಮತ್ತೇನು ಹೋಗುತ್ತದೆ?

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಸಮೀಪದಲ್ಲಿ ಮಾರಿಯೆಂಟಾಲ್ ಎಂಬ ಊರಿದೆ. ಅದೂ ಭದ್ರಾವತಿಯಂತೆ ಕಾರ್ಖಾನೆಯಿಂದ ಬದುಕಿದ ಊರು. ಅಲ್ಲಿಯ ಜವಳಿಯ ಗಿರಣಿ ೧೯೨೯–೩೦ರಲ್ಲಿ ಮುಚ್ಚಿತು. ಮುಕ್ಕಾಲು ಪಾಲು ಮನೆಗಳಲ್ಲಿ ದುಡಿಯುವವರೇ ಇಲ್ಲದಂತಾಯಿತು. ಮಾರಿ ಯಹೋಡಾ ಎಂಬ ವಿದುಷಿಯೂ ಅವರ ಸಂಗಡಿಗರೂ ಆ ಊರಿನಲ್ಲಿ ಅಧ್ಯಯನ ನಡೆಸಿ ೧೯೩೩ರಲ್ಲಿ ಅದನ್ನು ಪ್ರಕಟಿಸಿದರು.

ಅವರು ಕಂಡ ಕೆಲವು ಸಂಗತಿಗಳು ನಮ್ಮ ಮನಸ್ಸಿನಲ್ಲಿ ನಿಲ್ಲತಕ್ಕವು. ಕೆಲಸವಿಲ್ಲದ ಗಂಡಸರಿಗೆ ದಿನವೆಲ್ಲ ಬಿಡುವು. ಆದರೂ ಊರಿನ ಪುಸ್ತಕಾಲಯದಿಂದ ಓದಲು ಒಯ್ಯುವ ಪುಸ್ತಕಗಳ ಸಂಖ್ಯೆ, ಶುಲ್ಕವನ್ನು ತೆಗೆದುಹಾಕಿದ ಮೇಲೂ, ಸುಮಾರು ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಯಿತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವಂತಾಯಿತು. ಈ ದಿನ ಏನೇನು ಮಾಡಿದಿರಿ ಎಂದು ಬರೆಯಿಸಿದಾಗ, ಎದ್ದದ್ದು, ಉಂಡದ್ದು, ಮಲಗಿದ್ದು ಇವುಗಳ ನಡುವಿನ ಹೊತ್ತು ಹೇಗೆ ಕಳೆಯಿತೆಂದು ಅನೇಕರಿಗೆ ಹೇಳಲಾಗಲಿಲ್ಲ. ಹೆಂಗಸರಾದರೋ ಬಿರುಸಾಗಿಯೇ ನಡೆಯುತ್ತಿದ್ದರು. ಅಡಿಗೆ, ಒಗೆತ, ಮಕ್ಕಳು, ಹರಿದ ಬಟ್ಟೆಗೆ ಹೊಲಿಗೆ: ಇವುಗಳಿಗೆ ರಜವಿರಲಿಲ್ಲ.

ಈ ಅನುಭವದಿಂದ ಯಹೋಡಾ ಅವರು ಮುಂದೆ ಒಂದು ತತ್ತ್ವವನ್ನು ನಿರೂಪಿಸಿದರು. ಕೆಲಸವು ಮನುಷ್ಯನಿಗೆ ಸಂಬಳವನ್ನಲ್ಲದೆ ಇನ್ನೂ ಐದನ್ನು ಕೊಡುತ್ತದೆ: ದಿನಕ್ಕೊಂದು ಕ್ರಮ, ಮನೆಯ ಹೊರಗಿನ ಜನರ ಒಡನಾಟ, ಹಲವರೊಡನೆ ಕೂಡಿ ಸಾಧಿಸುವ ಉದ್ದೇಶ, ಸಮಾಜದಲ್ಲಿ ಒಂದು ಸ್ಥಾನ, ಕೈಗೆ ಬಿಡುವಿಲ್ಲದ ಚಟುವಟಿಕೆ. ಸಂಬಳ ನಿಂತದ್ದು ತಿಂಗಳ ಕೊನೆಗೆ ತಿಳಿಯುತ್ತದೆ. ಈ ಐದೂ ನಿಂತದ್ದು ಮರುದಿನ ಬೆಳಗ್ಗೆಯೇ ತಿಳಿಯುತ್ತದೆ. ಹಾಗಾದರೆ, ಸಂಬಳ ಮರಳಿ ಬರುವುದಕ್ಕೆ ಮೊದಲು ಈ ಐದರಲ್ಲಿ ಎಷ್ಟನ್ನು ಉಳಿಸಿಕೊಳ್ಳಬಹುದು ಎಂಬುದೇ ಕೆಲಸ ಹೋದ ಮನೆಯ ಮುಂದಿನ ಮೊದಲ ಪ್ರಶ್ನೆ.

೩. ಮೊದಲನೆಯ ತಿಂಗಳಲ್ಲಿ ಮಾಡತಕ್ಕ ಕಾರ್ಯಗಳು

ಮೊದಲನೆಯದಾಗಿ, ಮನೆಯವರಿಗೆ ನಿಜವನ್ನು ತಿಳಿಸಬೇಕು. ಕೆಲಸ ಹೋದ ಸಂಗತಿಯನ್ನು ಹೆಂಡತಿಗೂ ಹೇಳದೆ, ಎಂದಿನಂತೆ ಬುತ್ತಿ ಕಟ್ಟಿಸಿಕೊಂಡು ಹೊರಟು, ಸಂಜೆಯವರೆಗೆ ಎಲ್ಲಿಯೋ ಕುಳಿತು ಬರುವ ಗಂಡಸರುಂಟು. ಇದರಿಂದ ಖರ್ಚು ಹಿಂದಿನಂತೆಯೇ ನಡೆಯುತ್ತದೆ, ಸಾಲ ಗುಟ್ಟಾಗಿ ಬೆಳೆಯುತ್ತದೆ, ಕಡೆಗೆ ಒಂದು ದಿನ ಸಾಲಗಾರನ ಬಾಯಿಂದ ಮನೆಯವರಿಗೆ ಸುದ್ದಿ ತಿಳಿಯುತ್ತದೆ. ಮೊದಲ ವಾರವೇ ಎಲ್ಲರೂ ಕುಳಿತು ಲೆಕ್ಕ ಬರೆದರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಕೂಡದು ಎಂಬುದು ಗೊತ್ತಾಗುತ್ತದೆ. ದೊಡ್ಡ ಮಕ್ಕಳನ್ನೂ ಈ ಮಾತಿಗೆ ಸೇರಿಸಿಕೊಳ್ಳುವುದು ಒಳ್ಳೆಯದು. ಅವರು ತಿಳಿಯದೆ ಭಯಪಡುವುದಕ್ಕಿಂತ ತಿಳಿದು ಸಹಕರಿಸುವುದು ಮೇಲು.

ಎರಡನೆಯದಾಗಿ, ಬರತಕ್ಕದ್ದನ್ನು ಕೇಳಿ ಪಡೆಯಬೇಕು. ಅದು ದಾನವಲ್ಲ, ಹಕ್ಕು. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯ ಸ್ಥಾನದಲ್ಲಿ ಈಗ ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಅದು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿದೆ. ಒಂದು ವರ್ಷ ಎಡೆಬಿಡದೆ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯಬೇಕಾದರೆ ಒಂದು ತಿಂಗಳ ಮುನ್ಸೂಚನೆಯನ್ನಾಗಲಿ ಅದಕ್ಕೆ ಬದಲಾಗಿ ವೇತನವನ್ನಾಗಲಿ ಕೊಡಬೇಕು. ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ ೧೫ ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಇದಲ್ಲದೆ ಹೊಸ ಕಸಬನ್ನು ಕಲಿಯುವುದಕ್ಕೆಂದು ೧೫ ದಿನದ ವೇತನ, ಮಾಲಿಕನು ಹಣ ತುಂಬುವ ಒಂದು ನಿಧಿಯಿಂದ ೪೫ ದಿನಗಳೊಳಗೆ ಕಾರ್ಮಿಕನ ಖಾತೆಗೆ ಸೇರಬೇಕು. ಒಂದು ವರ್ಷದೊಳಗೆ ಅದೇ ಸಂಸ್ಥೆ ಮತ್ತೆ ಆಳುಗಳನ್ನು ತೆಗೆದುಕೊಂಡರೆ, ತೆಗೆದವರಿಗೆ ಮೊದಲು ಅವಕಾಶ ಕೊಡಬೇಕು. ಐದು ವರ್ಷ ಸತತವಾಗಿ ದುಡಿದವರಿಗೆ ವರ್ಷಕ್ಕೆ ೧೫ ದಿನದ ಲೆಕ್ಕದಲ್ಲಿ ಉಪದಾನವೂ ಉಂಟು.

ನೌಕರರ ರಾಜ್ಯ ವಿಮೆಗೆ ಹಣ ಕಟ್ಟುತ್ತಿದ್ದವರು ಆ ಕಚೇರಿಯಲ್ಲಿಯೂ ವಿಚಾರಿಸಬೇಕು. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ೨೦೧೮ರಲ್ಲಿ ಆರಂಭವಾಯಿತು. ಅದರಲ್ಲಿ ಮೊದಲು ಸರಾಸರಿ ದುಡಿಮೆಯ ಕಾಲುಭಾಗ ದೊರೆಯುತ್ತಿತ್ತು. ೨೦೨೦ರಲ್ಲಿ ಅದನ್ನು ಅರ್ಧಕ್ಕೆ ಏರಿಸಿ, ಹೆಚ್ಚೆಂದರೆ ೯೦ ದಿನಗಳವರೆಗೆ ಕೊಡುವಂತೆ ಮಾಡಿದರು. ಅದರ ಅವಧಿಯನ್ನು ಆಗಾಗ್ಗೆ ವಿಸ್ತರಿಸುತ್ತ ಬಂದಿರುವುದರಿಂದ ಅರ್ಜಿ ಹಾಕುವ ದಿನದ ನಿಯಮವನ್ನು ಕೇಳಿ ತಿಳಿಯತಕ್ಕದ್ದು. ಭವಿಷ್ಯನಿಧಿಯಿಂದಲೂ ಹಣ ತೆಗೆಯಬಹುದು. ಆದರೆ ಅದು ಮುಪ್ಪಿನ ಊರುಗೋಲು. ಅದನ್ನು ಮುರಿದು ಒಲೆಗೆ ಹಾಕುವ ಮೊದಲು ಉಳಿದ ಬಾಗಿಲುಗಳನ್ನೆಲ್ಲ ತಟ್ಟಬೇಕು.

ಗುತ್ತಿಗೆಯವರ ಮೂಲಕ ದುಡಿಯುವವರು ವಿಶೇಷವಾಗಿ ಎಚ್ಚರದಿಂದಿರಬೇಕು. ನೇಮಕದ ಪತ್ರ, ವೇತನದ ಚೀಟಿ, ವಿಮೆಯ ಸಂಖ್ಯೆ, ಭವಿಷ್ಯನಿಧಿಯ ಸಂಖ್ಯೆ ಇವುಗಳನ್ನು ಕೆಲಸವಿರುವಾಗಲೇ ಒಂದೆಡೆ ಜೋಡಿಸಿಡತಕ್ಕದ್ದು. ಕೆಲಸ ಹೋದ ಮೇಲೆ ಕಾಗದ ಹುಡುಕುವುದು ಮಳೆ ಬಂದ ಮೇಲೆ ಮಾಡು ಹೊದಿಸಿದಂತೆ.

ಮೂರನೆಯದಾಗಿ, ದಿನದ ಕ್ರಮವನ್ನು ಬಿಡಬಾರದು. ಎಂದಿನ ಹೊತ್ತಿಗೆ ಏಳುವುದು, ಮಿಂದು ಮಡಿಯುಡುವುದು, ಬೆಳಗಿನ ಮೂರು ಗಂಟೆಗಳನ್ನು ಕೆಲಸ ಹುಡುಕುವುದಕ್ಕೂ, ಮಧ್ಯಾಹ್ನದ ಹೊತ್ತನ್ನು ಏನಾದರೂ ಕಲಿಯುವುದಕ್ಕೂ, ಸಂಜೆಯನ್ನು ಮನೆಯ ಕೆಲಸಕ್ಕೂ ಮೀಸಲಿಡುವುದು: ಇಷ್ಟು ಸಾಕು. ಗಂಡಸರು ಮನೆಯ ಕೆಲಸಕ್ಕೆ ಕೈ ಹಾಕಿದರೆ ಮಾನ ಹೋಗುವುದಿಲ್ಲ. ಹಗಲು ನಿದ್ರೆಯಿಂದ ಹೋಗುವಷ್ಟಂತೂ ಹೋಗುವುದಿಲ್ಲ. ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನು ಅನುಭವದ ಮಾತಿನಲ್ಲಿ ಮೈಮರೆತ ಗಂಡನಿಗೆ ಅವನ ಕಾಯಕವನ್ನು ನೆನಪಿಸಿದಳೆಂದು ಹೇಳುವುದುಂಟು. ಆಕೆ ಅವನನ್ನು ಹಳಿಯಲಿಲ್ಲ, ನೆನಪಿಸಿದಳು. ಮನೆಯವರ ಮಾತು ಹಾಗಿರಬೇಕು.

೪. ಕೆಲಸ ಎಲ್ಲಿಂದ ಬರುತ್ತದೆ?

ಕೆಲಸವು ವೃತ್ತಪತ್ರಿಕೆಯ ಜಾಹೀರಾತಿನಿಂದ ಬರುತ್ತದೆ, ಇಲ್ಲವೇ ದೊಡ್ಡವರ ಶಿಫಾರಸಿನಿಂದ ಬರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಬಾಸ್ಟನ್ ನಗರದ ಪಕ್ಕದ ಒಂದು ಊರಿನಲ್ಲಿ, ಹೊಸದಾಗಿ ಕೆಲಸ ಬದಲಿಸಿದವರನ್ನು ಈ ವಿಷಯದಲ್ಲಿ ಪ್ರಶ್ನಿಸಿದರು. ಅವರ ಪ್ರಬಂಧ ೧೯೭೩ರಲ್ಲಿ ಪ್ರಕಟವಾಯಿತು. ಪರಿಚಯದವರ ಮೂಲಕ ಕೆಲಸ ತಿಳಿದವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಮಾತ್ರ ಆ ಸುದ್ದಿ ಪದೇ ಪದೇ ಕಾಣುವವರಿಂದ ಬಂದಿತ್ತು. ಉಳಿದವರಿಗೆ ಅದು ಆಗೊಮ್ಮೆ ಈಗೊಮ್ಮೆ ಕಾಣುವವರಿಂದ, ವರ್ಷಕ್ಕೊಮ್ಮೆಯೂ ಕಾಣದವರಿಂದ, ಅಂದರೆ ಹಳೆಯ ಸಹಪಾಠಿ, ಹಿಂದಿನ ಕಚೇರಿಯ ಜೊತೆಗಾರ ಇಂಥವರಿಂದ, ಬಂದಿತ್ತು.

ಇದಕ್ಕೆ ಕಾರಣ ಸುಲಭವಾಗಿದೆ. ನಮ್ಮ ಆಪ್ತರು ನಮಗೆ ತಿಳಿದದ್ದನ್ನೇ ತಿಳಿದಿರುತ್ತಾರೆ. ದೂರದ ಪರಿಚಯದವರು ಬೇರೆ ಜನರ ನಡುವೆ ಓಡಾಡುತ್ತಾರೆ. ನಮ್ಮ ಕಿವಿಗೆ ಬೀಳದ ಸುದ್ದಿ ಅವರ ಕಿವಿಗೆ ಬೀಳುತ್ತದೆ. ಆದರೆ ನಮಗೆ ಕೆಲಸ ಬೇಕೆಂಬ ಸುದ್ದಿ ಅವರಿಗೆ ಮುಟ್ಟಿದ್ದರೆ ಮಾತ್ರ ಅದು ನಮಗೆ ಪ್ರಯೋಜನವಾದೀತು. ನಾಚಿಕೆಯಿಂದ ಮರೆಯಾಗುವುದು ಏಕೆ ಹಾನಿಕರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೇಳುವುದಾದರೂ ಗೋಳಾಡಬೇಕಾಗಿಲ್ಲ. ತಾನು ಇಂಥ ಕಡೆ ಇಷ್ಟು ವರ್ಷ ಇಂಥ ಕೆಲಸ ಮಾಡಿದ್ದೇನೆ, ಈಗ ಬಿಡುವಾಗಿದ್ದೇನೆ, ಇಂಥ ಕೆಲಸ ತಿಳಿದರೆ ತಿಳಿಸಿರಿ: ಈ ಮೂರು ವಾಕ್ಯ ಸಾಕು.

ಕಸಬನ್ನು ಬದಲಿಸಬೇಕಾಗಿ ಬಂದರೆ, ಕೈಯಲ್ಲಿರುವ ಕುಶಲತೆಯನ್ನು ಮೊದಲು ಪಟ್ಟಿ ಮಾಡಬೇಕು. ಕಬ್ಬಿಣದ ಕಾರ್ಖಾನೆಯ ಫಿಟ್ಟರನಿಗೆ ಶಿವಮೊಗ್ಗೆಯ ಎರಕದ ಕಾರ್ಖಾನೆಗಳ ಕೆಲಸ ಪೂರ್ತಿ ಹೊಸದಲ್ಲ. ಕಾಗದದ ಕಾರ್ಖಾನೆಯ ಉಗ್ರಾಣದ ಲೆಕ್ಕ ಬರೆದವನು ಅಡಿಕೆಯ ಮಂಡಿಯ ಲೆಕ್ಕವನ್ನೂ ಬರೆಯಬಲ್ಲನು. ಸ್ವಂತ ಉದ್ಯೋಗ ಮಾಡಬೇಕೆಂಬವರಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳುಂಟು. ೧೯೮೨ರಲ್ಲಿ ಉಜಿರೆಯಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ನೆರವಿನಿಂದ ಆರಂಭಿಸಿದ ಸಂಸ್ಥೆಯೇ ಇವುಗಳಿಗೆ ಮಾದರಿ. ನಿರುದ್ಯೋಗಿ ಯುವಜನರಿಗೆ ಊಟ ವಸತಿಗಳೊಡನೆ ಉಚಿತವಾಗಿ ಅಲ್ಪಾವಧಿಯ ಕಸಬು ಕಲಿಸುವ ಪದ್ಧತಿ ಅಲ್ಲಿಂದ ದೇಶಕ್ಕೆಲ್ಲ ಹಬ್ಬಿತು.

ಓದು ಮುಗಿಸಿ ಕೆಲಸ ಸಿಗದ ತರುಣ ತರುಣಿಯರಿಗೆ ರಾಜ್ಯದ ಯುವನಿಧಿ ಯೋಜನೆ ನೆರವಾಗಿದೆ. ಅದು ೨೦೨೪ರ ಜನವರಿ ೧೨ರಂದು ನಮ್ಮ ಶಿವಮೊಗ್ಗೆಯಲ್ಲಿಯೇ ಉದ್ಘಾಟನೆಯಾಯಿತು. ಪದವೀಧರರಿಗೆ ತಿಂಗಳಿಗೆ ೩,೦೦೦ ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ ೧,೫೦೦ ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಕೊಡುವಂತೆ ಅದನ್ನು ಏರ್ಪಡಿಸಿದರು. ಈ ಹಣವನ್ನು ಬಸ್ಸಿನ ಖರ್ಚಿಗೂ, ಅರ್ಜಿಗೂ, ತರಬೇತಿಗೂ ಉಪಯೋಗಿಸಿದರೆ ಅದು ಕೆಲಸದ ಕಡೆಗೆ ಮೆಟ್ಟಿಲಾಗುತ್ತದೆ.

ಕೆಲಸ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವವರನ್ನು ನಂಬಲೇಬಾರದು. ಪರದೇಶದ ಕೆಲಸಕ್ಕೆ ಜನರನ್ನು ಆರಿಸಿ ಕಳುಹಿಸುವ ಏಜೆಂಟನು ೧೯೮೩ರ ವಲಸೆ ಕಾಯಿದೆಯಂತೆ ನೋಂದಣಿ ಹೊಂದಿರಬೇಕು. ದಾದಿಯರ ಕೆಲಸಕ್ಕೆಂದು ಮಗಳನ್ನು ಕೊಲ್ಲಿ ದೇಶಗಳಿಗೆ ಕಳುಹಿಸುವ ಪೋಷಕರು ನೋಂದಣಿಯ ಸಂಖ್ಯೆಯನ್ನು ಕೇಳಿ, ಅದು ನಿಜವೇ ಎಂದು ಸರ್ಕಾರದ ಪಟ್ಟಿಯಲ್ಲಿ ನೋಡಿ, ಆ ಬಳಿಕವೇ ಹಣದ ಮಾತಾಡತಕ್ಕದ್ದು.

೫. ಎಣಿಕೆಗೆ ಬಾರದ ನಿರುದ್ಯೋಗಿಗಳು

ಗಂಡಸಿನ ಕೆಲಸ ಹೋದರೆ ಅದು ಮನೆಯ ವಿಪತ್ತು. ಹೆಂಗಸಿನ ಕೆಲಸ ಹೋದರೆ, ಸರಿ, ಇನ್ನು ಮನೆಯಲ್ಲಿರಲಿ ಎನ್ನುತ್ತಾರೆ. ಸರ್ಕಾರದ ಗಣತಿಯಲ್ಲಿಯೂ ಕೆಲಸವನ್ನು ಅರಸುತ್ತಿರುವವರನ್ನು ಅಥವಾ ಕೆಲಸ ಮಾಡಲು ಸಿದ್ಧರಿರುವವರನ್ನು ಮಾತ್ರ ನಿರುದ್ಯೋಗಿಗಳೆಂದು ಎಣಿಸುತ್ತಾರೆ. ಅರಸುವುದನ್ನು ಬಿಟ್ಟು ಮನೆವಾರ್ತೆಯಲ್ಲಿ ತೊಡಗಿದವಳು ಆ ಲೆಕ್ಕದಲ್ಲಿ ನಿರುದ್ಯೋಗಿಯೇ ಅಲ್ಲ. ಮದುವೆಗೆಂದು, ಹೆರಿಗೆಗೆಂದು, ಅತ್ತೆ ಮಾವಂದಿರ ಶುಶ್ರೂಷೆಗೆಂದು ಕೆಲಸ ಬಿಟ್ಟು, ಹತ್ತು ವರ್ಷದ ಮೇಲೆ ಮರಳಬೇಕೆಂದು ಬಯಸುವ ಎಷ್ಟೋ ಮಂದಿ ಹೀಗೆ ಯಾವ ಲೆಕ್ಕದಲ್ಲಿಯೂ ಇಲ್ಲದೆ ಇದ್ದಾರೆ. ದ್ರಾಕ್ಷೇತೋಟದ ಯಜಮಾನನ ಕಣ್ಣಿಗೂ ಬೀಳದವರು ಇವರು.

ಇಂಥ ಸೋದರಿಯರಿಗೆ ಹೇಳತಕ್ಕ ಮಾತು ಇಷ್ಟು. ಮನೆ ನಡೆಸಿದ ವರ್ಷಗಳು ವ್ಯರ್ಥವಾದ ವರ್ಷಗಳಲ್ಲ. ಹಣದ ಲೆಕ್ಕ, ರೋಗಿಯ ಆರೈಕೆ, ಮಕ್ಕಳ ಪಾಠ, ಸಂಘದ ವಹಿವಾಟು ಇವೆಲ್ಲ ಕೆಲಸವೇ. ಮೊದಲು ಚಿಕ್ಕದನ್ನು ಹಿಡಿಯಿರಿ: ದಿನಕ್ಕೆ ನಾಲ್ಕು ಗಂಟೆಯ ಪಾಠ, ವಾರಕ್ಕೆ ಮೂರು ದಿನದ ಲೆಕ್ಕ. ದಿನಕ್ಕೊಂದು ಕ್ರಮವೂ ಹೊರಗಿನ ಒಡನಾಟವೂ ಮರಳಿದ ಮೇಲೆ ದೊಡ್ಡದು ಕಾಣಿಸುತ್ತದೆ. ೨೦೨೩ರ ಜೂನ್ ೧೧ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದದ್ದರಿಂದ ದೂರದ ಕೆಲಸವೂ ಕೆಲವರ ಅಳವಿಗೆ ಬಂದಿದೆ. ಶಿವಮೊಗ್ಗೆ ಭದ್ರಾವತಿಗಳ ನಡುವಣ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಸಿದ್ಧ ಉಡುಪಿನ ಕೆಲಸಕ್ಕೆ ಹೆಂಗಸರು ಹೋಗುತ್ತಿದ್ದಾರೆ. ಕಾಗದ ಕಬ್ಬಿಣಗಳ ಕಾಲದಲ್ಲಿ ಗಂಡಸರ ಪಾಳಿಯಿಂದ ನಡೆದ ಸೀಮೆಯಲ್ಲಿ ಈಗ ಕೆಲವು ಮನೆಗಳು ಹೆಣ್ಣುಮಕ್ಕಳ ಪಾಳಿಯಿಂದ ನಡೆಯುತ್ತಿವೆ. ಹಾಗಿರುವಾಗ ಮನೆಯ ಕೆಲಸವನ್ನೂ ಹಂಚಿಕೊಳ್ಳದಿದ್ದರೆ ಅದು ನ್ಯಾಯವಲ್ಲ.

೬. ಮಗಳ ಓದು

ಪೋಷಕರಲ್ಲಿ ಒಂದು ವಿಶೇಷವಾದ ವಿಜ್ಞಾಪನೆ. ಕೆಲಸ ಹೋದ ಮನೆಯಲ್ಲಿ ಖರ್ಚು ಕಡಿಮೆ ಮಾಡುವಾಗ ಮೊದಲು ಕಣ್ಣಿಗೆ ಬೀಳುವುದು ಶಾಲೆಯ ಶುಲ್ಕ, ಅದರಲ್ಲಿಯೂ ಮಗಳದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರಿಗೆ, ಎಂಟನೆಯ ತರಗತಿಯವರೆಗೆ ಮಾತ್ರ ಅನ್ವಯಿಸುತ್ತದೆ. ಹೈಸ್ಕೂಲಿನ ಕಡೆಯ ಎರಡು ವರ್ಷ ಅದರ ಆಶ್ರಯದ ಹೊರಗಿವೆ. ಮಗಳನ್ನು ಬಿಡಿಸಬೇಕೆಂಬ ಯೋಚನೆ ಹುಟ್ಟುವುದೂ ಅದೇ ವಯಸ್ಸಿನಲ್ಲಿ. ಆ ವರ್ಷ ಉಳಿದ ಶುಲ್ಕ ಕೆಲವು ತಿಂಗಳು ಮನೆ ನಡೆಸಬಹುದು. ನಿಂತ ಓದು ಆಕೆಯ ಆಯುಷ್ಯದ ದುಡಿಮೆಯನ್ನೇ ಕುಂದಿಸುತ್ತದೆ. ತಂದೆಯ ನಿರುದ್ಯೋಗ ಮಗಳಿಗೆ ಪಿತ್ರಾರ್ಜಿತವಾಗಬಾರದು. ಆದಕಾರಣ ಶುಲ್ಕ ಕಟ್ಟಲಾಗದ ತಿಂಗಳಲ್ಲಿ ಮಗಳನ್ನು ಸುಮ್ಮನೆ ಮನೆಯಲ್ಲಿ ಉಳಿಸಿಕೊಳ್ಳದೆ ಮುಖ್ಯೋಪಾಧ್ಯಾಯಿನಿಯವರಲ್ಲಿಗೆ ಬಂದು ಸ್ಥಿತಿಯನ್ನು ಹೇಳಿರಿ. ವಿದ್ಯಾರ್ಥಿವೇತನದ ಅರ್ಜಿಯಾಗಲಿ, ಕಂತಿನ ಏರ್ಪಾಡಾಗಲಿ, ಕೇಳಿದವರಿಗೆ ದಾರಿ ತೋರಿಸಬಹುದು; ಕೇಳದವರ ಕಷ್ಟ ಯಾರಿಗೂ ತಿಳಿಯದು.

೭. ಹಳೆಯ ವಿದ್ಯಾರ್ಥಿನಿಯರ ಕರ್ತವ್ಯ

ಒಂದು ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಊರೂರಿಗೆ ಹಂಚಿಹೋಗುತ್ತಾರೆ. ಒಬ್ಬಳು ಆಸ್ಪತ್ರೆಯಲ್ಲಿ, ಒಬ್ಬಳು ಬ್ಯಾಂಕಿನಲ್ಲಿ, ಒಬ್ಬಳು ತೋಟದ ಮನೆಯಲ್ಲಿ, ಮತ್ತೊಬ್ಬಳು ಸಮುದ್ರದಾಚೆ ಇರುತ್ತಾಳೆ. ವರ್ಷಕ್ಕೊಮ್ಮೆ ಕಂಡರೂ ಕಂಡರು, ಕಾಣದಿದ್ದರೂ ಇಲ್ಲ. ಕೆಲಸದ ಸುದ್ದಿ ಬರುವುದು ಇಂಥವರಿಂದಲೇ ಎಂದು ಮೇಲೆ ಕಂಡೆವು. ಸ್ಮರಣ ಸಂಚಿಕೆಯೂ ವಾರ್ಷಿಕ ಕೂಟವೂ ಹಳೆಯ ನೆನಪುಗಳಿಗೆ ಮಾತ್ರವಲ್ಲ, ಇದಕ್ಕೂ ಉಪಯೋಗವಾಗಲಿ. ಹಳೆಯ ವಿದ್ಯಾರ್ಥಿನಿಯರ ಸಂಘವು ಒಂದು ಪುಸ್ತಕವನ್ನಿಡಲಿ. ಎಡಗಡೆಯ ಪುಟದಲ್ಲಿ ಕೆಲಸ ಬೇಕಾದವರ ಹೆಸರು, ಬಲ್ಲ ಕೆಲಸ; ಬಲಗಡೆಯ ಪುಟದಲ್ಲಿ ಯಾರು ಎಲ್ಲಿ ಏನು ಖಾಲಿಯಿದೆಯೆಂದು ಕೇಳಿದರೋ ಅದು. ಈ ಪುಸ್ತಕವನ್ನು ನೋಡಿಕೊಳ್ಳುವವಳು ಬಾಯಿ ಬಿಗಿಹಿಡಿಯಬಲ್ಲವಳಾಗಿರಬೇಕು. ಏಕೆಂದರೆ ಕಷ್ಟವನ್ನು ಹೇಳಿಕೊಂಡವರ ಹೆಸರು ಹರಟೆಗೆ ವಸ್ತುವಾದರೆ ಮರುವರ್ಷ ಯಾರೂ ಬರೆಯಿಸುವುದಿಲ್ಲ.

ಕೆಲಸ ಕೊಡಿಸಲು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಕೆಲಸವಿಲ್ಲದ ಸ್ನೇಹಿತೆಯ ಮನೆಗೆ ಹೋಗಿ ಬರುವುದು, ಮದುವೆ ಮುಂಜಿಗಳಿಗೆ ಆಕೆಯನ್ನು ಮರೆಯದೆ ಕರೆಯುವುದು, ಉಡುಗೊರೆ ಬೇಡವೆಂದು ಮೊದಲೇ ಹೇಳಿ ಕರೆಯುವುದು, ಇದು ಎಲ್ಲರಿಂದಲೂ ಆಗುವ ಕೆಲಸ. ಹೊತ್ತು ಇಳಿದ ಮೇಲೂ ಪೇಟೆಯಲ್ಲಿ ನಿಂತಿರುವುದಕ್ಕೆ ಧೈರ್ಯ ಬೇಕು. ಪಕ್ಕದಲ್ಲಿ ಒಬ್ಬರು ನಿಂತರೆ ಆ ಧೈರ್ಯ ತಾನಾಗಿ ಬರುತ್ತದೆ.

ಮನೆಯಲ್ಲಿಯೂ ಕೂಟದಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು

೧. ಕೆಲಸವು ಸಂಬಳವಲ್ಲದೆ ಕೊಡುವ ಐದರಲ್ಲಿ ನಮ್ಮ ಮನೆಗೆ ಯಾವುದು ಹೆಚ್ಚು ಅಗತ್ಯವಾಗಿದೆ?

೨. ಸಂಬಳ ನಿಂತರೆ ನಮ್ಮ ಮನೆ ಎಷ್ಟು ತಿಂಗಳು ಸಾಲವಿಲ್ಲದೆ ನಡೆದೀತು? ಆ ಲೆಕ್ಕ ಮನೆಯಲ್ಲಿ ಯಾರು ಯಾರಿಗೆ ತಿಳಿದಿದೆ?

೩. ನೇಮಕದ ಪತ್ರ, ವಿಮೆ, ಭವಿಷ್ಯನಿಧಿಗಳ ಕಾಗದಗಳು ಎಲ್ಲಿವೆ?

೪. ಐದು ವರ್ಷದಿಂದ ಕಾಣದ ಮೂವರು ಸಹಪಾಠಿಗಳು ಯಾರು? ಅವರಿಗೆ ಈ ವಾರ ಒಂದು ಕಾಗದವನ್ನೋ ಒಂದು ಮಾತನ್ನೋ ಕಳುಹಿಸಬಹುದೇ?

೫. ನಮ್ಮ ಬೀದಿಯಲ್ಲಿ ಈಚೆಗೆ ಕಾಣಿಸದಿರುವವರು ಯಾರು?